ಮೂರಕ್ಷರ ಹಿಂದಕ್ಕೆ

ಕಾರ್ಟೂನ್ ಮುಗಿದು ಹೆಸರುಗಳ ಪಟ್ಟಿ ಬಂದ ಕೂಡಲೇ ನಾವು ಚಾನೆಲ್ ಬದಲಿಸುತ್ತೇವೆ. ಅಮೆರಿಕದ ಕಾರ್ಟೂನ್ ಕಲಾವಿದ ಅಲೆಕ್ಸ್ ಹಿರ್ಷ್ ತಮ್ಮ ಕುಸುರಿಯನ್ನು ಬಚ್ಚಿಟ್ಟದ್ದು ಅಲ್ಲಿಯೇ. 2012ರಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಶುರುವಾದ ಅವರ ‘ಗ್ರಾವಿಟಿ ಫಾಲ್ಸ್’ ಸರಣಿಯ ಕಂತುಗಳ ಕೊನೆಗೆ ಅರ್ಥವಾಗದ ಅಕ್ಷರಗಳ ಒಂದು ಸಾಲು ಇರುತ್ತಿತ್ತು. ಅದರ ಕೀಲಿಕೈ ಇದ್ದದ್ದು ಶೀರ್ಷಿಕೆ ಸಂಗೀತದ ತುದಿಯಲ್ಲಿ. ಕಿವಿಗೆ ಬರೀ ಗುಸುಗುಸು. ಧ್ವನಿಯನ್ನು ಹಿಂದುಮುಂದಾಗಿ ಕೇಳಿದರೆ ‘ಮೂರಕ್ಷರ ಹಿಂದಕ್ಕೆ’ ಎಂಬ ಸೂಚನೆ! ಒಂದೊಂದು ಅಕ್ಷರವನ್ನೂ ಮೂರು ಮನೆ ಹಿಂದೆ ಸರಿಸಿದರೆ ಸಾಲು ಬಾಯಿಬಿಡುತ್ತದೆ. ಇದು ಜೂಲಿಯಸ್ ಸೀಸರನ ಹೆಸರಿನ ಹಳೆಯ ಗೂಢಲಿಪಿ. ಮುಂದಿನ ಕಂತುಗಳಲ್ಲಿ ಬೀಗವೇ ಬದಲಾಯಿತು: ಅಕ್ಷರಮಾಲೆ ತಲೆಕೆಳಗಾಯಿತು, ಬಳಿಕ ಅಕ್ಷರಗಳ ಜಾಗಕ್ಕೆ ಅಂಕಿಗಳು ಬಂದವು.

ಈ ಜಾಣ್ಮೆಯ ಅಡಿಯಲ್ಲಿರುವ ಮನೆಯ ಬಿಸುಪು ನನಗೆ ಇನ್ನಷ್ಟು ಪ್ರಿಯ. ಕಥೆಯ ಅವಳಿಗಳಾದ ಡಿಪ್ಪರ್ ಮತ್ತು ಮೇಬಲ್ ರೂಪುಗೊಂಡದ್ದು ಹಿರ್ಷ್ ಮತ್ತು ಅವರ ಅವಳಿ ಸೋದರಿ ಏರಿಯಲ್ ಅವರ ಬಾಲ್ಯದಿಂದ. ಮೇಬಲ್ ಮೈಮೇಲಿನ ಬಣ್ಣದ ಸ್ವೆಟರ್‌ಗಳು ಬದಲಾಗುತ್ತಲೇ ಇರುತ್ತವೆ. ಗೊಗ್ಗರು ದನಿಯ ಚಿಕ್ಕಜ್ಜ ಸ್ಟ್ಯಾನ್, ಕೀರಲು ದನಿಯ ಖಳ ಬಿಲ್ ಸೈಫರ್, ಇಬ್ಬರಿಗೂ ಕಂಠ ಕೊಟ್ಟವರು ಹಿರ್ಷ್ ಅವರೇ.

2016ರಲ್ಲಿ ಸರಣಿ ಮುಗಿದ ಮೇಲೆ ಹಿರ್ಷ್ ರಷ್ಯಾ, ಜಪಾನ್, ಅಮೆರಿಕಗಳಲ್ಲಿ ಸುಳಿವುಗಳನ್ನು ಅಡಗಿಸಿಟ್ಟರು. ಅಭಿಮಾನಿಗಳು ದೇಶಗಳಾಚೆಗೂ ಒಬ್ಬರಿಗೊಬ್ಬರು ನೆರವಾಗಿ, ಕೊನೆಗೆ ಆರೆಗನ್ ರಾಜ್ಯದ ಕಾಡಿನಲ್ಲಿ ಬಿಲ್‌ನ ಪ್ರತಿಮೆಯನ್ನು ಪತ್ತೆಹಚ್ಚಿದರು. ನೋಡುವ ಮಗುವಿನ ಬುದ್ಧಿಯನ್ನು ನಂಬಿ ಕೆಲಸ ಮಾಡುವವನೇ ನಿಜವಾದ ಮಕ್ಕಳ ಕಲಾವಿದ.