ಮೇಜಿನ ಮೇಲಣ ಸುಂಕ

ವಿಹಾರನೌಕೆಯನ್ನೇರುವಾಗ ಸ್ವಂತ ವೈನ್ ಸೀಸೆಯನ್ನು ಜೊತೆಗೊಯ್ಯುವ ಪದ್ಧತಿಯು ಪ್ರವಾಸ ಬರಹಗಾರರ ಲೇಖನಿಯಲ್ಲಿ ಜಾಣತನದ ಪರಾಕಾಷ್ಠೆಯೆಂಬ ಕೀರ್ತಿಯನ್ನು ಪಡೆದಿದೆ; ಕಂಪೆನಿಗಳ ಲೋಭಕ್ಕೆ ಪ್ರಯಾಣಿಕನು ಕೊಟ್ಟ ತಕ್ಕ ಉತ್ತರವೆಂದು ಅದನ್ನು ಕೊಂಡಾಡುವವರೂ ಉಂಟು. ಈ ಕೀರ್ತಿ ಅದಕ್ಕೆ ಸಲ್ಲತಕ್ಕದ್ದಲ್ಲ. ಟಿಕೆಟ್ಟಿನ ಬೆಲೆಯನ್ನು ತಗ್ಗಿಸಿ, ಮದ್ಯಶಾಲೆ ಜೂಜುಶಾಲೆಗಳಲ್ಲಿ ಲಾಭವನ್ನು ತುಂಬಿಕೊಳ್ಳುವ ಈ ವ್ಯಾಪಾರದ ಮರ್ಮವು ಸರ್ವವಿದಿತವಾದ್ದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಬಾಯಿ ಮುಕ್ಕಳಿಸುವ ಔಷಧದ ಸೀಸೆಯಲ್ಲಿ ರಮ್ಮನ್ನು ಅಡಗಿಸಿ ಒಯ್ಯುವವರ ಸಾಹಸವನ್ನೂ ಬಿಟ್ಟುಬಿಡೋಣ. 2015ರಲ್ಲಿ ಕಾರ್ನಿವಲ್ ಕಂಪೆನಿಯು ಪ್ರಯಾಣಿಕರು ನೀರಿನ ಬಾಟಲಿಗಳನ್ನು ತರುವುದನ್ನೇ ನಿಷೇಧಿಸುವಂತಾದದ್ದಕ್ಕೆ ಅಂಥ ಕಳ್ಳಸಾಗಣೆಯೂ ಒಂದು ಕಾರಣ.

ವಿಚಾರಯೋಗ್ಯವಾದದ್ದು ನಿಯಮಾವಳಿಯ ಒಂದು ಅಂಶ ಮಾತ್ರ. 21 ವರ್ಷ ತುಂಬಿದ ಪ್ರಯಾಣಿಕನು ಹಡಗನ್ನೇರುವ ದಿನ ತನ್ನ ಕೈಚೀಲದಲ್ಲಿ, ಇನ್ನೂ ತೆರೆಯದ 750 ಮಿಲಿಲೀಟರಿನ ಒಂದು ಸೀಸೆ ವೈನನ್ನೋ ಶಾಂಪೇನನ್ನೋ ತರಬಹುದೆನ್ನುತ್ತದೆ ಕಾರ್ನಿವಲ್ಲಿನ ಕಟ್ಟಳೆ. ಇಲ್ಲಿಯವರೆಗೆ ಔದಾರ್ಯ. ಅದೇ ಸೀಸೆಯನ್ನು ಭೋಜನಶಾಲೆಗೋ ಬಾರಿಗೋ ಒಯ್ದು ತೆರೆಸಿದರೆ ಕಾರ್ಕೇಜ್ ಎಂಬ ಹೆಸರಿನಲ್ಲಿ 15 ಡಾಲರ್ ಶುಲ್ಕ. ಕ್ಯಾಬಿನ್ನಿನ ಕದವಿಕ್ಕಿಕೊಂಡು ಕುಡಿದರೆ ಏನೂ ಇಲ್ಲ. ಪ್ರಿನ್ಸೆಸ್ ಕಂಪೆನಿಯ ಹಡಗುಗಳಲ್ಲಿಯೂ ತಲೆಗೊಂದರಂತೆ ಮೊದಲ ಸೀಸೆಯ ವಿಷಯದಲ್ಲಿ ಇದೇ ಧೋರಣೆ. ವೈನ್ ಅದೇ, ಕುಡಿಯುವವನೂ ಅವನೇ. ಒಬ್ಬನೇ ಕುಡಿದಾಗ ನಿಶ್ಶುಲ್ಕವಾದ ವಸ್ತುವು ನಾಲ್ವರೊಡನೆ ಅನ್ನದ ಮೇಜಿನಲ್ಲಿ ಹಂಚಿಕೊಂಡೊಡನೆ ದಂಡಾರ್ಹವಾಗುವುದಾದರೆ, ಸುಂಕವು ಬೀಳುತ್ತಿರುವುದು ವೈನಿನ ಮೇಲಲ್ಲ, ಪಂಕ್ತಿಭೋಜನದ ಮೇಲೆ. ಒಂದು ಸೀಸೆಯೆಂದರೆ 150 ಮಿಲಿಲೀಟರಿನ ಐದು ಲೋಟ. ಇಬ್ಬರು ಮೂವರು ಕೂಡಿ ಊಟದೊಡನೆ ಮುಗಿಸತಕ್ಕ ಪ್ರಮಾಣವೇ ಹೊರತು ಏಕಾಂಗಿಯೊಬ್ಬನು ಹಲ್ಲುಜ್ಜುವ ಲೋಟಕ್ಕೆ ಸುರಿದುಕೊಂಡು ಒಂದೇ ಸಂಜೆ ಬರಿದುಮಾಡತಕ್ಕದ್ದಲ್ಲ. ಮಿತಪಾನವನ್ನು ತುಟ್ಟಿಯಾಗಿಸಿ ಅಮಿತಪಾನವನ್ನು ಅಗ್ಗವಾಗಿಸುವ ಈ ನಿಯಮವನ್ನು ಔದಾರ್ಯವೆಂದು ಓದಿದವರು ಅದನ್ನು ಅರ್ಧವೇ ಓದಿದ್ದಾರೆ.

ಇಲ್ಲಿ ಕಾರ್ಕೇಜಿನ ಸಮರ್ಥಕರು ಎದ್ದು ನಿಲ್ಲುತ್ತಾರೆ. ಲೋಟ ಹಡಗಿನದು, ಬಿರಡೆ ತೆಗೆಯುವ ಶ್ರಮ ಪರಿಚಾರಕನದು, ನೆಲದ ಮೇಲಣ ಹೋಟೆಲುಗಳೂ ಈ ಶುಲ್ಕವನ್ನು ವಿಧಿಸುತ್ತವೆ, ಊಟಕ್ಕೆ ಕರೆದವನ ಮನೆಗೆ ಸ್ವಂತ ಪಾನೀಯವನ್ನು ಒಯ್ಯುವುದು ಅತಿಥಿಧರ್ಮವಲ್ಲ, ಎಂದು ಮುಂತಾಗಿ ಅವರ ವಾದ. ಅತಿಥಿಧರ್ಮದ ಮಾತು ಕೇಳಲು ಸೊಗಸಾಗಿದೆ. ಆದರೆ ಟಿಕೆಟ್ಟು ಕೊಂಡು ಬಂದವನು ಅತಿಥಿಯಲ್ಲ, ಗಿರಾಕಿ. ಪಟ್ಟಣದ ಹೋಟೆಲಿನ ಬೆಲೆ ಒಪ್ಪದಿದ್ದವನು ಬೀದಿ ದಾಟಿ ಮತ್ತೊಂದನ್ನು ಹೊಗುತ್ತಾನೆ. ಮಯಾಮಿಯ ಬಂದರನ್ನು ಬಿಟ್ಟು ಒಂದು ಹಗಲು ಸಾಗಿದ ಹಡಗಿನಲ್ಲಿರುವವನು ಎಲ್ಲಿಗೆ ದಾಟಬೇಕು? ಸ್ಪರ್ಧೆಯಿರುವೆಡೆಯಲ್ಲಿ ನ್ಯಾಯವಾದ ಶುಲ್ಕವು ಸ್ಪರ್ಧೆಯೇ ಇಲ್ಲದೆಡೆಯಲ್ಲಿಯೂ ಹಾಗೆಯೇ ನ್ಯಾಯವಾಗುತ್ತದೆಂಬುದು ಸಾಧಿಸಬೇಕಾದ ಮಾತೇ ಹೊರತು ಸಾಧಿತವಾದದ್ದಲ್ಲ. ಇನ್ನು ಪರಿಚಾರಕನ ಶ್ರಮವೇ ಕಾರಣವೆಂದರೆ, ತಾನೇ ಬಿರಡೆ ತೆಗೆದು ಸೀಸೆಯನ್ನು ಮೇಜಿಗೆ ತಂದವನಿಗೆ ವಿನಾಯಿತಿ ಸಿಕ್ಕಬೇಕಾಗಿತ್ತು, ಸಿಕ್ಕುವುದಿಲ್ಲ. ನಾರ್ವೀಜಿಯನ್ ಕಂಪೆನಿಯವರ ಕಟ್ಟಳೆ ಇದಕ್ಕಿಂತ ಕಠಿನವೆಂದು ಈ ಸಮರ್ಥಕರು ಬೊಟ್ಟುಮಾಡುತ್ತಾರೆ. ಎಷ್ಟು ಸೀಸೆಗಳನ್ನಾದರೂ ತನ್ನಿ, ಕ್ಯಾಬಿನ್ನಿನಲ್ಲಿ ಕುಡಿಯಿರಿ, ಭೋಜನಶಾಲೆಯಲ್ಲಿ ಕುಡಿಯಿರಿ, ಪ್ರತಿಯೊಂದಕ್ಕೂ ಶುಲ್ಕ ತೆರಿ, ಎನ್ನುತ್ತದೆ ಅದು. ಕಠಿನವೇ ಸರಿ, ಆದರೆ ಪ್ರಾಮಾಣಿಕ; ಏಕಾಂತಕ್ಕೊಂದು ದರ, ಸಹವಾಸಕ್ಕೊಂದು ದರ ಎಂಬ ಭೇದ ಅದರಲ್ಲಿಲ್ಲ.

ಲೆಕ್ಕಾಚಾರದ ಪಂಥದವರ ವಿಷಯ ಬೇಗ ಮುಗಿಯತಕ್ಕದ್ದು. ಅಂಗಡಿಯ 10 ಡಾಲರಿನ ವೈನಿಗೆ ಮೇಜಿನಲ್ಲಿ 15 ಡಾಲರ್ ಶುಲ್ಕ ತೆತ್ತು, ಹಡಗಿನ ವೈನಿಗಿಂತ ಅಗ್ಗವಾಯಿತು, ಗೆದ್ದೆನೆನ್ನುವವನು ಕುಡಿಯುವುದು ಕೊನೆಗೂ 10 ಡಾಲರಿನ ವೈನನ್ನೇ. ಹಡಗಿನ ಪಟ್ಟಿಯಲ್ಲಿ ದೊರೆಯದ, ವರ್ಷಗಟ್ಟಲೆ ಕಾದಿರಿಸಿದ ಸೀಸೆಯನ್ನು ಒಯ್ಯುವುದಾದರೆ ಪದ್ಧತಿಗೆ ಅರ್ಥವುಂಟು. ಆದರೆ ವಿಮಾನದಲ್ಲಿ ಬಂದು ಹಡಗೇರುವವನ ಸೀಸೆಯು, ಅಮೆರಿಕದ ವಿಮಾನಗಳ ಕೈಚೀಲದಲ್ಲಿ 100 ಮಿಲಿಲೀಟರಿಗೆ ಮೀರಿದ ದ್ರವಕ್ಕೆ ಎಡೆಯಿಲ್ಲದ ಕಾರಣ, ಬಟ್ಟೆಗಳ ನಡುವೆ ಸರಕಿನ ಕೋಣೆಯಲ್ಲಿ ಕುಲುಕುತ್ತ ಬರುತ್ತದೆ. ಹಳೆಯ ಕೆಂಪು ವೈನಿನ ತಳದ ಗಷ್ಟು ಕದಡುತ್ತದೆ. ಮೊದಲ ರಾತ್ರಿಯ ಉತ್ಸಾಹದಲ್ಲಿ ಅದನ್ನು ತೆರೆದವನಿಗೆ ಬಗ್ಗಡವೇ ಪ್ರಾಪ್ತಿ. ಆ ಉತ್ಸಾಹಿಗಳೇ ಆಮೇಲೆ ವೈನನ್ನು ಹಳಿಯುವುದುಂಟು.

ಆದಕಾರಣ ಕಂಪೆನಿಗಳು ತಲೆಗೊಂದರಂತೆ ಅನುಮತಿಸಿದ ಆ ಮೊದಲ ಸೀಸೆಯ ಮೇಲೆ ಮೇಜಿನಲ್ಲಿ ಯಾವ ಶುಲ್ಕವನ್ನೂ ವಿಧಿಸಕೂಡದು. ಅವು ಹಾಗೆ ಮಾಡುವವರೆಗೆ, ವಾಚಕರೇ, ಒಯ್ಯುವುದಾದರೆ ಒಳ್ಳೆಯದೊಂದನ್ನೇ ಒಯ್ಯಿರಿ, ಎರಡು ದಿನ ನೆಟ್ಟಗೆ ನಿಲ್ಲಿಸಿಡಿ, ಕ್ಯಾಬಿನ್ನಿನಲ್ಲಿ ಉಳಿಯುವ ಹದಿನೈದು ಡಾಲರಿನ ಆಸೆಗೆ ಬೀಳದೆ ಮೇಜಿಗೇ ತಂದು ಪಕ್ಕದವರಿಗೂ ಒಂದು ಲೋಟ ಕೊಡಿ.