‘ಗತವೈಭವ’ದ ರಾಜ್ಯ: ಒಂದು ಮರುವಿಚಾರ

ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾದಾಗ ಕರ್ನಾಟಕವೆಂಬ ರಾಜ್ಯವು ಯಾವ ಭೂಪಟದಲ್ಲಿಯೂ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳು ಈ ನಮ್ಮ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೆ, ರಾಯಚೂರು, ಬೀದರಗಳು ನಿಜಾಮನಿಗೆ ಸೇರಿದ್ದವು. ಮೈಸೂರು, ಕೊಡಗುಗಳು ಬೇರೆಯೇ ಇದ್ದವು. ಇಲ್ಲದ ರಾಜ್ಯವೊಂದನ್ನು ಹಳೆಯ ಅರಸುಮನೆತನಗಳ ಅಡಿಪಾಯದ ಮೇಲೆ ಮನಸ್ಸಿನಲ್ಲಿ ಕಟ್ಟಿ ತೋರಿಸಿದುದೇ ಆ ಗ್ರಂಥದ ಸಾಹಸ. 1956ರ ನವೆಂಬರ್ 1ರಂದು ಆ ಕಲ್ಪನೆಗೆ ನೆಲ ದೊರೆಯಿತು. 1973ರಲ್ಲಿ ಹೆಸರೂ ದೊರೆಯಿತು. ಒಂದು ಪುಸ್ತಕಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯ ಯಾವುದು?

ಇಂಥ ಕಲ್ಪನೆ ನಮ್ಮೊಬ್ಬರದೇ ಅಲ್ಲ. ಅರಸೊತ್ತಿಗೆಯನ್ನು ಕಳೆದುಕೊಂಡ ವೇಲ್ಸ್ ನಾಡಿನ ಅಯೋಲೊ ಮೋರ್ಗಾನುಗ್ ಎಂಬ ಕಲ್ಲುಕುಟಿಗ ಕವಿಯು 1792ರಲ್ಲಿ ಕವಿಗಳ ಪುರಾತನ ಪೀಠವೆಂದು ಹೇಳಿ ಒಂದು ಸಮಾರಂಭವನ್ನು ನಡೆಸಿದನು. ಅದು ನಡೆದದ್ದು ವೇಲ್ಸಿನಲ್ಲಲ್ಲ, ಲಂಡನ್ ನಗರದ ಒಂದು ಗುಡ್ಡದ ಮೇಲೆ, ವಲಸೆ ಹೋದವರ ನಡುವೆ ಎಂಬುದನ್ನು ಮುಂಬಯಿ ಕನ್ನಡಿಗರು ಗಮನಿಸಬೇಕು. ಆತನು ತೋರಿಸಿದ ಪ್ರಾಚೀನ ಆಧಾರಗಳಲ್ಲಿ ಅನೇಕವು ಆತನೇ ರಚಿಸಿದವೆಂದು ವಿದ್ವಾಂಸರು ಅನಂತರ ಸಿದ್ಧಪಡಿಸಿದರು. ಆದರೂ ಆ ಸಮಾರಂಭ ಇಂದಿಗೂ ನಡೆದು ಬಂದಿದೆ.

ವೆಂಕಟರಾಯರು ಅಂಥ ದಾರಿಯನ್ನು ತುಳಿಯಲಿಲ್ಲ. ಅವರ ಬೆನ್ನಿಗೆ ಶಾಸನಗಳಿದ್ದವು. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಫ್ಲೀಟರ ಗ್ರಂಥವು 1882ರಲ್ಲಿ ಅಚ್ಚಾದದ್ದು ಈ ನಗರದಲ್ಲಿ. 1872ರಲ್ಲಿ ಬರ್ಜೆಸ್ಸರು ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ಯೂ ಇಲ್ಲಿಂದಲೇ ಹೊರಟಿತು. ಕನ್ನಡ ನಾಡಿನ ಹಳೆಯ ಕಲ್ಲುಗಳು ಮೊದಲು ಮಾತನಾಡತೊಡಗಿದ ಊರುಗಳಲ್ಲಿ ಮುಂಬಯಿಯೂ ಒಂದೆಂದರೆ ಅತಿಶಯೋಕ್ತಿಯಲ್ಲ.

ಆದರೆ ಆಧಾರಗಳು ನಿಜವಾದ ಮಾತ್ರಕ್ಕೆ ಅವುಗಳಿಂದ ಕಟ್ಟಿದ ಚಿತ್ರವೂ ಪೂರ್ಣವಾಗಿರುವುದೆಂದು ಹೇಳಲಾಗದು. ‘ಗತವೈಭವ’ದ ಒಲವೆಲ್ಲ ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರದ ಅರಸರನ್ನು ಕನ್ನಡಿಗರೆಂಬ ಒಂದೇ ಸಾಲಿನಲ್ಲಿ ನಿಲ್ಲಿಸುವುದರ ಕಡೆಗೆ. ಇಮ್ಮಡಿ ಪುಲಕೇಶಿಯ ಐಹೊಳೆಯ ಪ್ರಶಸ್ತಿ ಸಂಸ್ಕೃತದಲ್ಲಿದೆ. ಅವನನ್ನು ಮೂರು ಮಹಾರಾಷ್ಟ್ರಕಗಳ ಒಡೆಯನೆಂದು ಹೊಗಳುವುದೂ ಅದೇ ಕಲ್ಲು. ರಾಷ್ಟ್ರಕೂಟ ಕೃಷ್ಣನ ಕೈಲಾಸ ದೇಗುಲವಿರುವುದು ಎಲ್ಲೋರದಲ್ಲಿ. ಕೃಷ್ಣದೇವರಾಯನು ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ. ಇವರು ಹಲವು ನುಡಿಗಳನ್ನು ಆಳಿದವರು; ಒಂದು ನುಡಿಗೆ ಒಂದು ರಾಜ್ಯವೆಂಬ ಎಣಿಕೆ ಅವರದಲ್ಲ, ನಮ್ಮ ಕಾಲದ್ದು. ಅದನ್ನು ಅವರ ತಲೆಗೆ ಕಟ್ಟಿದುದು ಅಂದಿನ ಚಳವಳಿಗೆ ಅವಶ್ಯವಾಗಿದ್ದಿರಬಹುದು. ಇಂದೂ ಅದನ್ನೇ ಹಾಡುತ್ತಿದ್ದರೆ ನೆರೆಯವರೊಡನೆ ಅರಸರಿಗಾಗಿ ವ್ಯಾಜ್ಯವಾಡುವುದೊಂದೇ ಉಳಿದೀತು.

ಎರಡನೆಯ ಕೊರತೆ ನಮಗೆ ಇನ್ನೂ ಹತ್ತಿರದ್ದು. ಅರಸರನ್ನೇ ವೈಭವದ ಅಳತೆಗೋಲಾಗಿ ಹಿಡಿದರೆ ಆಳಿಸಿಕೊಂಡವರಿಗೆ ಸ್ಥಳ ದೊರೆಯುವುದು ಕಷ್ಟ. ಕರಾವಳಿಯಿಂದ ಬಂದು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಯ ಮಂದ ದೀಪದ ಕೆಳಗೆ ಕನ್ನಡ ಕಲಿತ ಹುಡುಗರು ಈ ನಗರದ ಕನ್ನಡದ ನಿಜವಾದ ಇತಿಹಾಸ. ಆ ಶಾಲೆಗಳಲ್ಲಿ ಹೆಚ್ಚಿನವು ಇಂದು ಮುಚ್ಚಿವೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಮಯೂರವರ್ಮ, ಪುಲಕೇಶಿಯರ ವೇಷಗಳಿಗೆ ಮಾತ್ರ ಕೊರತೆಯಿಲ್ಲ. ಆ ವೇಷವನ್ನು ಧರಿಸುವ ಬಾಲಕನು ತನ್ನ ಮಾತನ್ನು ಬೇರೆ ಲಿಪಿಯಲ್ಲಿ ಬರೆದುಕೊಂಡು ಕಂಠಪಾಠ ಮಾಡುವುದನ್ನು ನಾನು ಕಂಡಿದ್ದೇನೆ.

ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನಗೆ ಒಂದು ಮಾತು ಸಹಜವಾಗಿ ತೋರುತ್ತದೆ: ಹಿರಿಯರ ಠೇವಣಿಯನ್ನು ಎಣಿಸುತ್ತಿದ್ದರೆ ಅದು ಬೆಳೆಯದು; ನಮ್ಮದನ್ನೂ ಜಮೆ ಮಾಡಬೇಕು. ವೆಂಕಟರಾಯರು ಗತವನ್ನು ಬರೆದದ್ದು ಬರಲಿರುವುದಕ್ಕಾಗಿ. ಅವರಿಗೆ ರಾಜ್ಯವಿರಲಿಲ್ಲ, ಓದುಗರಿದ್ದರು. ನಮಗೆ ರಾಜ್ಯವಿದೆ, ಓದುಗರನ್ನು ಬೆಳೆಸುವ ಹೊಣೆ ಉಳಿದಿದೆ. ‘ಗತವೈಭವ’ವನ್ನು ಗೌರವಿಸುವ ಯೋಗ್ಯವಾದ ರೀತಿಯೆಂದರೆ ಅದನ್ನು ಓದಬಲ್ಲ ಒಂದು ಮಗುವನ್ನಾದರೂ ಈ ನಗರದಲ್ಲಿ ಸಿದ್ಧಗೊಳಿಸುವುದು.