ಈಡಿಪಸ್ ಮತ್ತು ಪುಣೆಯ ನಮ್ಮ ಮೇಳ

ಹವ್ಯಾಸಿಗಳ ನಾಟಕವನ್ನು ಸ್ವಲ್ಪ ರಿಯಾಯಿತಿ ಕೊಟ್ಟು ನೋಡಬೇಕು ಅನ್ನೋ ಮಾತು ಪುಣೆಯಲ್ಲಿ ನಡೆಯುವುದಿಲ್ಲ. 1970ರಲ್ಲಿ 'ನಟಸಮ್ರಾಟ್' ಆಗಿ ಮೆರೆದ ಡಾ. ಶ್ರೀರಾಮ ಲಾಗೂ ಇದೇ ಊರಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದುಕೊಂಡೇ ಹವ್ಯಾಸಿ ನಟರಾಗಿ ಬೆಳೆದವರು. ಇಲ್ಲಿನ ಕನ್ನಡಿಗರ ಒಂದು ತಂಡ, ಲಂಕೇಶರು ಕನ್ನಡಕ್ಕೆ ತಂದ ಸೊಫೋಕ್ಲಿಸನ 'ಈಡಿಪಸ್' ಆಡಿದಾಗ ನಾನೂ ಅದೇ ಅಳತೆಗೋಲು ಹಿಡಿದೇ ನೋಡಿದೆ.

ಆಯ್ಕೆ ಸರಿಯಾಗಿತ್ತು. ಗ್ರೀಕ್ ದುರಂತ ನಮಗೆ ಹೊಸದಲ್ಲ. ಬಿ.ಎಂ.ಶ್ರೀ. 1929ರಲ್ಲೇ 'ಅಶ್ವತ್ಥಾಮನ್' ಕೊಟ್ಟರು. 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಲ್ಲಿ 'ಈಡಿಪಸ್' ಆಡಿಸಿದರು. ಆದರೆ ಊರು ಬಿಟ್ಟವರಿಗೆ ಈ ಕಥೆ ಇನ್ನೂ ಹೆಚ್ಚು ಚುಚ್ಚುತ್ತದೆ. ಈಡಿಪಸ್ ತನ್ನದೆಂದುಕೊಂಡ ಊರು ತನ್ನದಲ್ಲ. ಪರಊರೆಂದು ಬಂದು ಆಳಿದ್ದು ಹುಟ್ಟೂರು. ಕೊಲೆಗಾರನನ್ನು ಹುಡುಕಲು ತಾನೇ ತನಿಖೆ ಶುರುಮಾಡುತ್ತಾನೆ. ಬ್ಯಾಂಕಿನ ತನಿಖೆಗಳನ್ನು ಕಂಡ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಫೈಲು ತೆರೆಸಿದವನ ಸಹಿಯೇ ಕೊನೆಯ ಹಾಳೆಯಲ್ಲಿ!

ಎರಡು ಕಡೆ ತಂಡ ಸೋತಿತು. ರಾಜ ಕಣ್ಣು ಕಿತ್ತುಕೊಳ್ಳುವುದನ್ನು ರಂಗದ ಮೇಲೇ ಕೆಂಪು ಬಣ್ಣ ಸುರಿದು ತೋರಿಸಿದರು. ಸೊಫೋಕ್ಲಿಸ್ ಅದನ್ನು ಒಳಗೆ ನಡೆಸಿ, ದೂತನ ಬಾಯಲ್ಲಿ ಹೇಳಿಸುತ್ತಾನೆ. ಕೇಳಿದ್ದರೆ ನಡುಗುತ್ತಿದ್ದೆವು; ನೋಡಿದ್ದರಿಂದ ಬಣ್ಣವನ್ನಷ್ಟೇ ನೋಡಿದೆವು. ಇನ್ನೊಂದು, ಜನ ಸಾಲದು ಅಂತ ಮೇಳವನ್ನೇ ತೆಗೆದುಹಾಕಿದ್ದು.

ಗೆದ್ದವನು ಕುರುಬ. ಹೇಳಲಾರದ ಸತ್ಯವನ್ನು ದೊರೆ ಹಿಂಡಿ ಹೊರತೆಗೆಯುವಾಗ, ಆ ನಟರು ಪುಸ್ತಕದ ಭಾಷೆ ಬಿಟ್ಟು ತಮ್ಮ ವಿಜಯಪುರದ ಮಾತಿಗೇ ಇಳಿದರು. ಸಭೆ ಉಸಿರು ಬಿಗಿಹಿಡಿದಿತ್ತು.

ದೊರೆಯ ಪಾತ್ರದ ಹುಡುಗ ಇಲ್ಲೇ ಹುಟ್ಟಿದವನು. ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಕಲಿತಿದ್ದ. ಒಂದಕ್ಷರ ತಪ್ಪಲಿಲ್ಲ. ಆದರೆ ಕ್ರಿಯಾನನ ಮೇಲೆ ರೇಗುವಾಗಲೂ ಪಾಠ ಒಪ್ಪಿಸಿದಂತಿತ್ತು. ಅವನನ್ನು ಅನ್ನುವುದು ಹೇಗೆ? ಮನೆಯಲ್ಲಿ ಕನ್ನಡದಲ್ಲಿ ಊಟಕ್ಕೆ ಕರೀತಾರೆ. ಜಗಳ, ಸಿಟ್ಟು, ಬೈಗುಳ ಎಲ್ಲಾ ಬೀದಿಯ ಮರಾಠಿಯಲ್ಲಿ. ಸಿಟ್ಟಿಲ್ಲದ ಕನ್ನಡದಲ್ಲಿ ಈಡಿಪಸ್ ಆಡೋದು ಕಷ್ಟ ನೋಡ್ರಿ. ಸಿಟ್ಟು ಹೋದ ಭಾಷೆ ಮುಂದಿನ ತಲೆಮಾರಿಗೆ ಊಟದ ಕರೆಯಾಗಿಯೂ ಉಳಿಯುತ್ತದೋ ಇಲ್ಲವೋ.

ಅದಕ್ಕೇ ಮೇಳವನ್ನು ಬಿಟ್ಟಿದ್ದು ದೊಡ್ಡ ನಷ್ಟ. ಮೇಳ ಅಂದರೆ ಪಿಡುಗಿಗೆ ಸಿಕ್ಕಿದ ಊರಿನ ಜನ. ಎಲ್ಲರೂ ಒಂದೇ ಥರ ಮಾತಾಡಬೇಕು ಅಂತ ಏನಿದೆ? ಪುಣೆಯಲ್ಲಿ ಮನೆಯಲ್ಲಿ ತುಳು ಆಡುವ ಹೋಟೆಲಿನವರಿದ್ದಾರೆ, ಕಲಬುರಗಿಯಿಂದ ದುಡಿಯಲು ಬಂದವರಿದ್ದಾರೆ, ಧಾರವಾಡದ ಪಿಂಚಣಿದಾರರಿದ್ದಾರೆ, ಮೈಸೂರಿನ ಸಾಫ್ಟ್‌ವೇರ್ ಹುಡುಗರಿದ್ದಾರೆ. ಹತ್ತು ಜನ ತಮ್ಮ ತಮ್ಮ ಕನ್ನಡದಲ್ಲೇ ಮೊರೆಯಿಟ್ಟರೆ ಥೀಬ್ಸ್ ನಿಜವಾದ ಊರಾಗುತ್ತದೆ. ಆ ಹುಡುಗನಿಗೂ ದಿನಾ ತಾಲೀಮಿನಲ್ಲಿ ಕನ್ನಡದಲ್ಲೇ ಜಗಳವಾಡಲು ಜನ ಸಿಗುತ್ತಾರೆ.

ಮುಂದಿನ ಪ್ರಯೋಗಕ್ಕೆ ತಂಡದವರು ದೊರೆಗಿಂತ ಮೊದಲು ಮೇಳವನ್ನು ಹುಡುಕಲಿ.